ಕ್ಯೂಜಿಐಎಸ್ ನಕ್ಷೆ ತಡವಾಗಿ ಮೂಡುತ್ತಿದೆಯೇ? ಮೊದಲು ಯಾವ ಲೇಯರ್ ಎಂದು ಕಂಡುಹಿಡಿಯಿರಿ

ಲಿಂಗನಮಕ್ಕಿ ಹಿನ್ನೀರಿನ ನಕ್ಷೆಯನ್ನು ಪರದೆಯ ಮೇಲೆ ದೊಡ್ಡದಾಗಿಸಿ ನೋಡಿ. ಶರಾವತಿಯ ನೀರು ಗುಡ್ಡಗಳ ಸಂದುಸಂದಿಗೂ ನುಗ್ಗಿ ನಿಂತಿರುವುದರಿಂದ ಅದರ ಅಂಚು ಕವಲು ಕವಲಾಗಿ ಒಡೆದಿದೆ, ನಡುವೆ ನಡುಗಡ್ಡೆಗಳು ಬೇರೆ. ಕಳೆದ ಮಳೆಗಾಲದಲ್ಲಿ ಸಾಗರದ ಕಡೆಯ ವಿದ್ಯಾರ್ಥಿನಿಯೊಬ್ಬಳು ಈ ಹಿನ್ನೀರು, ಸುತ್ತಲಿನ ಸರ್ವೆ ನಂಬರ್ ಗಡಿಗಳು, ಹಳ್ಳಕೊಳ್ಳ, ಡ್ರೋನ್ ಚಿತ್ರ ಎಲ್ಲವನ್ನೂ ನಕ್ಷೆ ಮಾಡುವ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ಜೋಡಿಸಿಕೊಂಡು ನನ್ನ ಬಳಿ ಬಂದಿದ್ದಳು. ನಕ್ಷೆಯನ್ನು ಕೊಂಚ ಸರಿಸಿದರೆ ಸಾಕು, ಪರದೆ ಬೆಳ್ಳಗಾಗಿ ಮತ್ತೆ ಚಿತ್ರ ಮೂಡಲು ಅರ್ಧ ನಿಮಿಷ ಹಿಡಿಯುತ್ತಿತ್ತು. “ಹೊಸ ಲ್ಯಾಪ್‌ಟಾಪ್ ತೆಗೆದುಕೊಳ್ಳಬೇಕಾ ಸರ್?” ಎಂದು ಕೇಳಿದಳು. ಬೇಕಿರಲಿಲ್ಲ. ಹಣ ಕೊಡದೆ ಯಾರು ಬೇಕಾದರೂ ಬಳಸಬಹುದಾದ ಇಂಥ ತಂತ್ರಾಂಶ ಕೈಯಲ್ಲಿದ್ದೂ, ಲ್ಯಾಪ್‌ಟಾಪ್ ಹಳೆಯದೆಂಬ ಕಾರಣಕ್ಕೆ ನಮ್ಮ ಮಕ್ಕಳು ನಕ್ಷೆ ಮಾಡುವುದನ್ನೇ ಬಿಡಬಾರದು.

ಮೊದಲ ಕೆಲಸ, ಎಲ್ಲ ಲೇಯರ್‌ಗಳ, ಅಂದರೆ ನಕ್ಷೆಯಲ್ಲಿ ಒಂದರ ಮೇಲೊಂದು ಕೂತ ಮಾಹಿತಿಯ ಪದರಗಳ, ಟಿಕ್ ತೆಗೆಯುವುದು. ಆಮೇಲೆ ಒಂದೊಂದನ್ನೇ ಹಾಕಿ ನಕ್ಷೆಯನ್ನು ಸರಿಸಿ ನೋಡಿ. ಅಂದಾಜಿಗಿಂತ ಅಳತೆ ಬೇಕೆನ್ನುವವರು ಸೆಟ್ಟಿಂಗ್ಸ್ ಮೆನುವಿನ ಆಪ್ಷನ್ಸ್ ತೆರೆದು, ರೆಂಡರಿಂಗ್ ಪುಟದಲ್ಲಿ ಮ್ಯಾಪ್ ಕ್ಯಾನ್ವಾಸ್ ರಿಫ್ರೆಶ್ ಎಂಬುದಕ್ಕೆ ಟಿಕ್ ಹಾಕಿ. ನಕ್ಷೆ ಮೂಡಲು ಎಷ್ಟು ಹೊತ್ತು ಹಿಡಿಯಿತು ಎಂಬುದು ಲಾಗ್ ಮೆಸೇಜಸ್ ಫಲಕದಲ್ಲಿ ಬರುತ್ತದೆ. ಹೆಚ್ಚಿನ ಸಲ ಸಿಕ್ಕಿಬೀಳುವುದು ಒಂದೋ ಎರಡೋ ಲೇಯರ್ ಮಾತ್ರ. ಆನ್‌ಲೈನ್ ಹಿನ್ನೆಲೆ ನಕ್ಷೆ ಇದ್ದರೆ ಅದನ್ನೂ ಹೀಗೇ ಪರೀಕ್ಷಿಸಿ. ಗಾಳಿಮಳೆಗೆ ನೆಟ್‌ವರ್ಕ್ ಕುಂಟುವ ನಮ್ಮೂರುಗಳಲ್ಲಿ ತಪ್ಪು ಕಂಪ್ಯೂಟರಿನದಾಗಿರುವುದಿಲ್ಲ. ಫೈಲುಗಳು ಪೆನ್‌ಡ್ರೈವಿನಲ್ಲಿದ್ದರೆ ಕಂಪ್ಯೂಟರಿನ ಡಿಸ್ಕಿಗೆ ನಕಲು ಮಾಡಿಕೊಂಡು ಮುಂದುವರಿಯಿರಿ.

ಅವಳ ಸರ್ವೆ ನಂಬರ್ ಲೇಯರ್ ಶೇಪ್‌ಫೈಲ್ ಎಂಬ ಫೈಲ್ ರೂಪದಲ್ಲಿತ್ತು, ಯಾವ ಆಕೃತಿ ಎಲ್ಲಿದೆ ಎಂದು ತಿಳಿಸುವ ಸ್ಪೇಷಿಯಲ್ ಇಂಡೆಕ್ಸ್ ಇರಲಿಲ್ಲ. ವಿಷಯಸೂಚಿಯೇ ಇಲ್ಲದ ದಪ್ಪ ಪುಸ್ತಕದಲ್ಲಿ ಒಂದು ಹೆಸರು ಹುಡುಕಲು ಪ್ರತಿ ಹಾಳೆಯನ್ನೂ ತಿರುವಬೇಕಲ್ಲವೇ? ಇದೂ ಹಾಗೆಯೇ. ಪರದೆಯಲ್ಲಿ ಒಂದೇ ಊರು ಕಾಣುತ್ತಿದ್ದರೂ ತಂತ್ರಾಂಶ ಇಡೀ ತಾಲ್ಲೂಕಿನ ಗಡಿಗಳನ್ನೆಲ್ಲ ಓದಿ ನೋಡುತ್ತದೆ. ಲೇಯರ್ ಪ್ರಾಪರ್ಟೀಸ್‌ನ ಸೋರ್ಸ್ ಪುಟದಲ್ಲಿ ಕ್ರಿಯೇಟ್ ಸ್ಪೇಷಿಯಲ್ ಇಂಡೆಕ್ಸ್ ಎಂಬ ಗುಂಡಿ ಇದೆ. ಒತ್ತಿದರೆ ಶೇಪ್‌ಫೈಲಿನ ಪಕ್ಕದಲ್ಲಿ ಕ್ಯುಐಎಕ್ಸ್ ಎಂಬ ಸಣ್ಣ ಫೈಲ್ ಹುಟ್ಟಿಕೊಳ್ಳುತ್ತದೆ. ಲೇಯರನ್ನು ಜಿಯೊಪ್ಯಾಕೇಜ್ ಎಂಬ ಇನ್ನೊಂದು ಫೈಲ್ ರೂಪದಲ್ಲಿ ಉಳಿಸಿಕೊಂಡರೆ ಇನ್ನೂ ಒಳ್ಳೆಯದು, ಅಲ್ಲಿ ಇಂಡೆಕ್ಸ್ ತಾನಾಗಿಯೇ ಸಿದ್ಧವಾಗುತ್ತದೆ.

ಆದರೆ ಹಿನ್ನೀರಿಗೆ ಇಂಡೆಕ್ಸ್ ಒಂದೇ ಸಾಲಲಿಲ್ಲ. ಇದು ಅನೇಕರು ಎಡವುವ ಜಾಗ, ಸ್ವಲ್ಪ ನಿಧಾನವಾಗಿ ಓದಿ. ಇಂಡೆಕ್ಸ್ ನೋಡುವುದು ಪ್ರತಿಯೊಂದು ಆಕೃತಿಯ ಸುತ್ತ ಎಳೆದ ಚೌಕಟ್ಟನ್ನು. ಇಡೀ ಹಿನ್ನೀರು ಒಂದೇ ಪಾಲಿಗನ್, ಅಂದರೆ ಒಂದೇ ಮುಚ್ಚಿದ ಆಕೃತಿ ಆಗಿದ್ದರೆ ಚೌಕಟ್ಟೂ ಅಷ್ಟೇ ದೊಡ್ಡದು. ನೀವು ಯಾವ ಮೂಲೆಯಲ್ಲಿದ್ದರೂ ಅದರ ಎಲ್ಲ ಬಿಂದುಗಳನ್ನೂ ಓದಲೇಬೇಕಾಗುತ್ತದೆ. ಹಾಗಾಗಿ ಪ್ರೊಸೆಸಿಂಗ್ ಟೂಲ್‌ಬಾಕ್ಸ್‌ನ ಸಬ್‌ಡಿವೈಡ್ ಸಾಧನದಿಂದ ಅದನ್ನು ತುಂಡು ಮಾಡಿದೆವು. ಒಂದು ತುಂಡಿಗೆ ಗರಿಷ್ಠ 256 ಬಿಂದು ಎಂದು ಅದೇ ತೋರಿಸುತ್ತದೆ, ಹಾಗೇ ಬಿಡಿ. ತುಂಡುಗಳು ಇನ್ನೂ ಒಂದೇ ಕಟ್ಟಿನಲ್ಲಿರುವುದರಿಂದ ಬಳಿಕ ಮಲ್ಟಿಪಾರ್ಟ್ ಟು ಸಿಂಗಲ್‌ಪಾರ್ಟ್ಸ್ ಓಡಿಸಿ ಬಿಡಿಸಿಕೊಂಡು, ಇಂಡೆಕ್ಸ್ ಮಾಡಬೇಕು. ಈಗ ಹಿನ್ನೀರಿನ ಮೇಲೆ ಕತ್ತರಿಸಿದ ಗೆರೆಗಳು ಚೌಕಚೌಕವಾಗಿ ಕಾಣುತ್ತವೆ. ಅಂಚಿನ ಗೆರೆಯನ್ನು ತೆಗೆದು ಬರೀ ನೀಲಿ ತುಂಬಿದರೆ ಮಾಯವಾಗುತ್ತವೆ. ಮೂಲ ಫೈಲನ್ನು ಮಾತ್ರ ಅಳಿಸಬೇಡಿ, ವಿಸ್ತೀರ್ಣ, ಸುತ್ತಳತೆಯ ಲೆಕ್ಕಕ್ಕೆ ಅದೇ ಬೇಕು.

ಇನ್ನು ಡ್ರೋನ್ ಚಿತ್ರ. ಇಡೀ ತೋಟವನ್ನು ಒಮ್ಮೆಗೆ ತೋರಿಸಬೇಕಾದಾಗಲೂ ಒಂದೊಂದು ಅಡಿಕೆ ಮರದ ವಿವರವನ್ನೂ ಓದುತ್ತಾ ಕೂರುವುದರಿಂದ ಅದು ನಿಧಾನ. ಲೇಯರ್ ಪ್ರಾಪರ್ಟೀಸ್‌ನ ಪಿರಮಿಡ್ಸ್ ಪುಟದಲ್ಲಿ ಪಟ್ಟಿಯಲ್ಲಿರುವ ರೆಸೊಲ್ಯೂಷನ್‌ಗಳನ್ನು ಆರಿಸಿ, ಎಕ್ಸ್‌ಟರ್ನಲ್ ಎಂದು ಇಟ್ಟು ಬಿಲ್ಡ್ ಒತ್ತಿ. ಪ್ರತಿ ಮೆಟ್ಟಿಲಿಗೂ ಉದ್ದಗಲ ಅರ್ಧವಾದ ಪ್ರತಿಗಳು ಓವಿಆರ್ ಎಂಬ ಪ್ರತ್ಯೇಕ ಫೈಲಿನಲ್ಲಿ ಕೂರುತ್ತವೆ. ಡಿಸ್ಕಿನಲ್ಲಿ ಮೂಲ ಚಿತ್ರದ ಮೂರನೇ ಒಂದು ಪಾಲಿನಷ್ಟು ಜಾಗ ಹೆಚ್ಚು ಹಿಡಿಯುತ್ತದೆ, ಆದರೆ ಆ ಜಾಗ ಕೊಟ್ಟಿದ್ದಕ್ಕೆ ಮೋಸವಿಲ್ಲ. ಬೆಟ್ಟದ ನೆರಳು ತೋರಿಸುವ ಹಿಲ್‌ಶೇಡ್ ಕೂಡ ಹೀಗೆಯೇ ಕಾಡುತ್ತದೆ. ಅದನ್ನು ಬರೀ ಸ್ಟೈಲ್ ಆಗಿ ಇಟ್ಟರೆ ನಕ್ಷೆ ಸರಿಸಿದಾಗಲೆಲ್ಲ ಹೊಸದಾಗಿ ಲೆಕ್ಕ ಹಾಕಬೇಕು. ರಾಸ್ಟರ್ ಮೆನುವಿನ ಅನಾಲಿಸಿಸ್‌ನಿಂದ ಒಮ್ಮೆ ಫೈಲ್ ಮಾಡಿಟ್ಟುಕೊಂಡರೆ ಮುಗಿಯಿತು.

ಬೇಡದ್ದನ್ನು ಬೇಡದ ಹೊತ್ತಿನಲ್ಲಿ ತೋರಿಸದಿರುವುದೂ ಮುಖ್ಯ. ಶಿವಮೊಗ್ಗ ಜಿಲ್ಲೆಯ ಏಳೂ ತಾಲ್ಲೂಕುಗಳು ಪರದೆಯಲ್ಲಿರುವಾಗ ಸರ್ವೆ ನಂಬರ್ ಗೆರೆಗಳು ಬರೀ ಕಪ್ಪು ಮಸಿ. ಲೇಯರ್ ಪ್ರಾಪರ್ಟೀಸ್‌ನ ರೆಂಡರಿಂಗ್ ಪುಟದಲ್ಲಿ ಸ್ಕೇಲ್ ಡಿಪೆಂಡೆಂಟ್ ವಿಸಿಬಿಲಿಟಿ ಹಾಕಿ, 1:25,000ಕ್ಕಿಂತ ಹತ್ತಿರ ಹೋದಾಗ ಮಾತ್ರ ಕಾಣುವಂತೆ ಮಾಡಿ. ಹೆಸರುಗಳಿಗೆ, ಅಂದರೆ ಲೇಬಲ್‌ಗಳಿಗೆ, ಇದೇ ಮಿತಿ ಬೇರೆಯಾಗಿ ಇರುತ್ತದೆ. ಒಂದರ ಮೇಲೊಂದು ಬೀಳದಂತೆ ಸಾವಿರಾರು ಹೆಸರು ಕೂರಿಸುವುದು ಸಣ್ಣ ಕೆಲಸವಲ್ಲ. ನೆರಳು, ಹೊಳಪಿನಂಥ ಅಲಂಕಾರಗಳನ್ನು ಮುದ್ರಣದ ಹೊತ್ತಿಗೆ ಇಟ್ಟುಕೊಳ್ಳಿ.

ಲೇಯರ್‌ಗಳ ನಿರ್ದೇಶಾಂಕ ಪದ್ಧತಿ, ಅಂದರೆ ಸ್ಥಳವನ್ನು ಅಂಕಿಗಳಲ್ಲಿ ಗುರುತಿಸುವ ಕ್ರಮ, ಬೇರೆಬೇರೆಯಾಗಿದ್ದರೆ ಪ್ರತಿ ಸಲವೂ ಪರಿವರ್ತನೆ ನಡೆಯುತ್ತದೆ. ಭೂಮಿಯನ್ನು ವಲಯಗಳಾಗಿ ವಿಂಗಡಿಸುವ ಯುಟಿಎಂ ಪದ್ಧತಿಯಲ್ಲಿ ಶಿವಮೊಗ್ಗ ಜಿಲ್ಲೆ 43 ಉತ್ತರ ವಲಯದಲ್ಲಿದೆ. ಪ್ರಾಜೆಕ್ಟಿಗೆ ಆ ವಲಯದ ಸಂಕೇತವಾದ ಇಪಿಎಸ್‌ಜಿ 32643 ಆರಿಸಿ, ಭಾರದ ಲೇಯರ್‌ಗಳನ್ನು ಒಮ್ಮೆ ಅದಕ್ಕೆ ಬದಲಾಯಿಸಿ ಉಳಿಸಿ. ಆಪ್ಷನ್ಸ್‌ನಲ್ಲಿ ಒಮ್ಮೆ ಮೂಡಿದ ಚಿತ್ರವನ್ನು ನೆನಪಿಟ್ಟುಕೊಳ್ಳುವ ರೆಂಡರ್ ಕ್ಯಾಶಿಂಗ್ ಮತ್ತು ಹಲವು ಕೋರ್‌ಗಳಲ್ಲಿ ಒಟ್ಟಿಗೆ ಚಿತ್ರಿಸುವ ಆಯ್ಕೆ, ಎರಡಕ್ಕೂ ಟಿಕ್ ಇದೆಯೇ ನೋಡಿ.

ಇಷ್ಟು ಮಾಡುವಾಗಲೂ ನಕ್ಷೆ ಮತ್ತೆ ಮತ್ತೆ ಮೂಡಲು ಹೊರಟು ಕೈ ಕಟ್ಟಿಹಾಕಿದರೆ, ಪರದೆಯ ಕೆಳಗಿನ ಪಟ್ಟಿಯಲ್ಲಿ ಬಲಗಡೆಗೆ ರೆಂಡರ್ ಎಂಬ ಟಿಕ್ ಇದೆ. ಅದನ್ನು ತೆಗೆದು ನೆಮ್ಮದಿಯಾಗಿ ಸೆಟ್ಟಿಂಗ್ ಮುಗಿಸಿ, ಆಮೇಲೆ ಮರೆಯದೆ ಹಾಕಿ. ಆ ಹುಡುಗಿ ಅಂದು ಅದನ್ನು ಮರೆತು, ನಕ್ಷೆಯೇ ಹೋಯಿತೆಂದು ಸಂಜೆ ಗಾಬರಿಯಿಂದ ಫೋನ್ ಮಾಡಿದ್ದಳು.