ಹನಿಮೂನ್ ಕೆಟ್ಟ ಕಥೆಯನ್ನು ಬೆಳಗಾವಿಗೆ ತಂದದ್ದು ಹೀಗೆ: ನನ್ನ ಅನುಭವ

ಮದುವೆಯಾಗಿ ಇನ್ನೂ ವಾರ ತುಂಬಿಲ್ಲ. ಹನಿಮೂನಿಗೆ ಬಂದ ಗಂಡ ಸಮುದ್ರದ ದಂಡೆಯಲ್ಲಿ ಬೇರೊಬ್ಬ ಹುಡುಗಿಯನ್ನು ನೋಡಿ ಅವಳ ಹಿಂದೆ ಬೀಳುತ್ತಾನೆ. ಹೆಂಡತಿ ಬಿಸಿಲಿಗೆ ಮೈ ಸುಟ್ಟುಕೊಂಡು ಹೋಟೆಲ್ ರೂಮಿನಲ್ಲಿ ಮಲಗಿದ್ದಾಳೆ. 1972ರ ಅಮೆರಿಕನ್ ಸಿನಿಮಾ ‘ದಿ ಹಾರ್ಟ್‌ಬ್ರೇಕ್ ಕಿಡ್’ನ ಎಳೆ ಇಷ್ಟೇ. ಬ್ರೂಸ್ ಜೇ ಫ್ರೀಡ್‌ಮನ್ ಅವರ ಸಣ್ಣಕಥೆಯಿಂದ ನೀಲ್ ಸೈಮನ್ ಚಿತ್ರಕಥೆ ಬರೆದರು, ಎಲೇನ್ ಮೇ ನಿರ್ದೇಶಿಸಿದರು. ಇದೇ ಎಳೆ ಹಿಡಿದು ನಮ್ಮ ಬೆಳಗಾವಿಯ ಹವ್ಯಾಸಿ ತಂಡ ಎರಡು ಅಂಕದ ಕನ್ನಡ ನಾಟಕ ಕಟ್ಟಿತು, ಕುಮಾರ ಗಂಧರ್ವ ರಂಗಮಂದಿರದಲ್ಲಿ ಆಡಿದೆವು. ಬರೆದವನೂ ನಾನೇ, ನಿರ್ದೇಶಿಸಿದವನೂ ನಾನೇ. ಹಳೇ ಹಾಸ್ಯಕಥೆಯನ್ನು ನಮ್ಮ ಊರಿಗೆ ತರುವಾಗ ಏನು ಇಟ್ಟುಕೊಂಡೆ, ಏನು ಬಿಟ್ಟೆ, ಯಾಕೆ ಅಂತ ಬರೆಯುತ್ತಿದ್ದೇನೆ.

ಮೊದಲನೇ ಮಾತು ಹೆಂಡತಿಯ ಪಾತ್ರದ ಬಗ್ಗೆ. ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ.

ಈ ಸಿನಿಮಾವನ್ನು 2007ರಲ್ಲಿ ಫ್ಯಾರೆಲಿ ಸಹೋದರರು ಬೆನ್ ಸ್ಟಿಲ್ಲರ್ ಹಾಕಿಕೊಂಡು ಮತ್ತೆ ಮಾಡಿದರು. ಅದರಲ್ಲಿ ಹೆಂಡತಿಗೆ ಇಲ್ಲದ ಚಟ ಇಲ್ಲ. ಸಾಲ ಇದೆ, ಹಿಂದೆ ಕೊಕೇನ್ ಸೇದಿ ಮೂಗಿನ ಒಳಗೆಲ್ಲ ಹಾಳಾಗಿದೆ, ಯಾವುದನ್ನೂ ಗಂಡನಿಗೆ ಹೇಳಿಲ್ಲ. ಹಾಗಾದ ಮೇಲೆ ಗಂಡ ಇನ್ನೊಬ್ಬಳ ಹಿಂದೆ ಹೋದರೆ ಪ್ರೇಕ್ಷಕ ‘ಹೋಗಲಿ ಬಿಡು ಪಾಪ’ ಅಂತಾನೆ. ಅಲ್ಲಿಗೆ ಕಥೆಯ ಜೀವವೇ ಹೋಯಿತು. 1972ರ ಹೆಂಡತಿ ಲೈಲಾ ಏನೂ ತಪ್ಪು ಮಾಡಿಲ್ಲ. ಮೊಟ್ಟೆ ಸ್ಯಾಂಡ್‌ವಿಚ್ ತಿನ್ನುವಾಗ ಬಾಯಿಗೆಲ್ಲ ಮೆತ್ತಿಕೊಳ್ಳುತ್ತಾಳೆ, ಕಾರಿನಲ್ಲಿ ಹಾಡುತ್ತಾಳೆ, ಮಾತು ಜಾಸ್ತಿ, ಅಷ್ಟೇ. ನಾವು ಮೊದಲು ಗಂಡನ ಜೊತೆ ಸೇರಿ ಅವಳನ್ನು ನೋಡಿ ನಗುತ್ತೇವೆ. ಸ್ವಲ್ಪ ಹೊತ್ತಿಗೆ, ಯಾರನ್ನು ನೋಡಿ ನಗ್ತಾ ಇದ್ದೀವಿ ಅಂತ ಗೊತ್ತಾಗಿ ಗಂಟಲು ಕಟ್ಟುತ್ತದೆ. ಆ ಪಾತ್ರ ಮಾಡಿದ ಜೀನಿ ಬರ್ಲಿನ್ ನಿರ್ದೇಶಕಿಯ ಸ್ವಂತ ಮಗಳು, ಪೋಷಕ ನಟಿ ವಿಭಾಗದಲ್ಲಿ ಆಸ್ಕರ್‌ಗೆ ನಾಮನಿರ್ದೇಶನವೂ ಆಗಿತ್ತು. ಬೇರೆಯವರ ಕೈಯಲ್ಲಿ ಆ ಪಾತ್ರ ಬರೀ ನಗೆಪಾಟಲಾಗಿ ಮುಗಿಯುತ್ತಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ನಮ್ಮ ಹೀರೋ ಪಾತ್ರಧಾರಿಯೂ ತಾಲೀಮಿನಲ್ಲಿ ಇದೇ ಕೇಳಿದ. ‘ಸರ್, ಅವಳೂ ಯಾರಿಗೋ ಕದ್ದು ಮೆಸೇಜ್ ಮಾಡ್ತಿರ್ತಾಳೆ ಅಂತ ಇಡೋಣ, ಇಲ್ಲಾಂದ್ರೆ ಜನ ನನಗೆ ಬೈತಾರೆ.’ ಬೈಯಲಿ ಅಂತಲೇ ನಾಟಕ ಬರೆದದ್ದು ಅಂದೆ. ಅವನು ಒಪ್ಪಲಿಕ್ಕೆ ಟೈಮ್ ತಗೊಂಡ. ಆದರೆ ಒಪ್ಪಿದ ಮೇಲೆ ಪಾತ್ರವನ್ನು ಎಲ್ಲೂ ಮೆತ್ತಗೆ ಮಾಡಲಿಲ್ಲ, ಅದಕ್ಕೆ ಅವನನ್ನು ಮೆಚ್ಚಬೇಕು.

ಹಕ್ಕಿನ ವಿಷಯ ಎಲ್ಲರೂ ಕೇಳುತ್ತಾರೆ, ಅದನ್ನೂ ಹೇಳಿಬಿಡುತ್ತೇನೆ. ಸಿನಿಮಾವನ್ನು ಇದ್ದ ಹಾಗೇ ನಾಟಕ ಮಾಡಬೇಕಾದರೆ ಹಕ್ಕು ಕೊಳ್ಳಲೇಬೇಕು, ನಮ್ಮಂಥ ತಂಡದ ಕೈಗೆ ಅದು ನಿಲುಕುವುದಿಲ್ಲ. ಆದರೆ ಕಥೆಯ ಮೂಲ ಐಡಿಯಾ ಮೇಲೆ ಯಾರಿಗೂ ಹಕ್ಕುಸ್ವಾಮ್ಯ ಇಲ್ಲ, ಅದನ್ನು ಹೇಳಿದ ರೀತಿಯ ಮೇಲೆ ಮಾತ್ರ ಇರುತ್ತದೆ ಅಂತ ಸುಪ್ರೀಂ ಕೋರ್ಟ್ 1978ರಲ್ಲೇ ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿದೆ. ಅದೂ ಒಂದು ನಾಟಕ ಮತ್ತು ಒಂದು ಸಿನಿಮಾದ ನಡುವಿನ ಜಗಳವೇ. ಹಾಗಾಗಿ ನಾನು ಸಿನಿಮಾದ ಒಂದು ಸಂಭಾಷಣೆಯನ್ನೂ ಮುಟ್ಟಲಿಲ್ಲ, ದೃಶ್ಯಗಳನ್ನೂ ಅದೇ ಸಾಲಿನಲ್ಲಿ ಜೋಡಿಸಲಿಲ್ಲ. ಪಾತ್ರ, ಊರು, ಕಾರಣ, ಕೊನೆ, ಎಲ್ಲವನ್ನೂ ಹೊಸದಾಗಿ ಕಟ್ಟಿದೆ. ಕಾನೂನಿಗೆ ಹೆದರಿ ಹೀಗೆ ಮಾಡಿದರೂ ನಾಟಕಕ್ಕೆ ಒಳ್ಳೆಯದೇ ಆಯಿತು.

ನಮ್ಮ ಹುಡುಗ ಸಂಗಮೇಶ. ಹನಿ ನೀರಾವರಿ ಪೈಪ್ ಮಾರುವ ಸೇಲ್ಸ್‌ನವ, ಯಾರ ಹೊಲಕ್ಕೆ ಹೋದರೂ ಐದು ನಿಮಿಷದಲ್ಲಿ ಆ ಮನೆಯವನಾಗಿಬಿಡುತ್ತಾನೆ. ಹುಡುಗಿ ಬೈಲಹೊಂಗಲದ ಗೌರಾ. ಮದುವೆ ಮುಗಿಸಿ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಮೇಲೆ ಗೋವಾಕ್ಕೆ ಹೊರಡುತ್ತಾರೆ. ನಮ್ಮ ಕಡೆ ಹೊಸ ಜೋಡಿ ಬೇರೆಲ್ಲಿಗೆ ಹೋಗಬೇಕು, ಅಲ್ವಾ? ವೇದಿಕೆಯ ಮೇಲೆ ಬರೀ ಎರಡು ಕುರ್ಚಿ, ತಿರುವು ಬಂದಾಗ ಇಬ್ಬರೂ ವಾಲುತ್ತಾರೆ. ಗೌರಾ ದಾರಿಯ ಬೋರ್ಡುಗಳನ್ನೆಲ್ಲ ಜೋರಾಗಿ ಓದುತ್ತಾಳೆ. ‘ನಿಧಾನವಾಗಿ ಚಲಿಸಿ’, ‘ಮುಂದೆ ಅಪಾಯಕಾರಿ ತಿರುವು’, ಪಂಕ್ಚರ್ ಅಂಗಡಿ, ಬಾಳೆಹಣ್ಣಿನ ಅಂಗಡಿ, ಒಂದನ್ನೂ ಬಿಡುವುದಿಲ್ಲ. ಸಂಗಮೇಶನಿಗೆ ಮೊದಲು ಮುದ್ದು ಅನಿಸಿದ್ದು ಘಾಟ್ ಮುಗಿಯುವ ಹೊತ್ತಿಗೆ ತಲೆನೋವಾಗುತ್ತದೆ. ಜನ ಬಿದ್ದು ಬಿದ್ದು ನಕ್ಕರು. ನನಗೆ ಬೇಕಾಗಿದ್ದದ್ದೂ ಅದೇ: ಗಂಡನಿಗೆ ಕಿರಿಕಿರಿ ಆಗಬೇಕು, ಆದರೆ ಮದುವೆ ಮುರಿಯುವಂಥ ಕಾರಣ ಅಂತ ಯಾವನೂ ಹೇಳಬಾರದು.

ಅವಳು ರೂಮಿನಲ್ಲಿ ಉಳಿಯುವ ಹಾಗೆ ಮಾಡುವುದು ಕಷ್ಟದ ಕೆಲಸವಾಯಿತು. ಸಿನಿಮಾದಲ್ಲಿ ಮಯಾಮಿಯ ಬಿಸಿಲಿಗೆ ಲೈಲಾಳ ಚರ್ಮ ಸುಡುತ್ತದೆ. ನಮ್ಮ ಬೈಲಹೊಂಗಲದ ಹುಡುಗಿ ಮೇ ತಿಂಗಳ ಬಿಸಿಲಲ್ಲಿ ಮಾಳಿಗೆ ಮೇಲೆ ಶಾವಿಗೆ ಒಣಹಾಕಿದವಳು, ಸಮುದ್ರದ ಬಿಸಿಲಿಗೆ ಹಾಸಿಗೆ ಹಿಡಿದಳು ಅಂದರೆ ಯಾರು ನಂಬುತ್ತಾರೆ? ಜ್ವರ, ಹೊಟ್ಟೆನೋವು ಅಂತ ಬರೆದು ನೋಡಿದೆ, ಅವಕ್ಕೆ ಮದುವೆಯ ಜೊತೆ ಏನೂ ಸಂಬಂಧ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ಮೆಹಂದಿ.

ಮದುವೆ ಸೀಸನ್ನಿನಲ್ಲಿ ಕೆಲವು ಕಡೆ ಕಪ್ಪು ಮೆಹಂದಿ ಹಾಕುತ್ತಾರೆ, ಬೇಗ ಬಣ್ಣ ಹಿಡಿಯುತ್ತದೆ ಅಂತ. ಬರೀ ಮದರಂಗಿ ಸೊಪ್ಪು ಅರೆದು ಹಚ್ಚಿದರೆ ಬಣ್ಣ ಕೆಂಪು ಕಂದು ಬರುತ್ತದೆ, ಗಂಟೆಗಟ್ಟಲೆ ಕಾಯಬೇಕು. ಕಪ್ಪು ಬಣ್ಣಕ್ಕೆ ಅನೇಕ ಸಲ ಪಿಪಿಡಿ ಎಂಬ ರಾಸಾಯನಿಕ ಬೆರೆಸಿರುತ್ತಾರೆ, ಕೂದಲ ಡೈಯಲ್ಲೂ ಇರುವುದು ಅದೇ. ಕೆಲವರ ಮೈಗೆ ಅದು ಆಗುವುದಿಲ್ಲ. ಒಮ್ಮೆ ಅಲರ್ಜಿ ಶುರುವಾದವರಿಗೆ ಮತ್ತೆ ಹಚ್ಚಿದರೆ ಒಂದೆರಡು ದಿನದಲ್ಲೇ ತುರಿಕೆ, ಬಾವು, ನೀರುಗುಳ್ಳೆ ಬರುತ್ತವೆ, ಡಿಸೈನ್ ಹೇಗಿದೆಯೋ ಹಾಗೆಯೇ ಗುಳ್ಳೆ ಏಳುತ್ತದೆ. ಹಾಗಾಗಿ ಗೌರಾ ಅಕ್ಕನ ಮದುವೆಯಲ್ಲೂ ಇದೇ ಹಚ್ಚಿಕೊಂಡಿದ್ದಳು, ಆಗ ಸ್ವಲ್ಪ ತುರಿಸಿತ್ತು ಅಂತ ಮೊದಲ ದೃಶ್ಯದಲ್ಲೇ ಒಂದು ಮಾತು ಹಾಕಿದೆ. ಈಗ ಅವಳ ಎಡ ಅಂಗೈಯಲ್ಲಿ ಗಂಡನ ಹೆಸರಿದೆ. ಗೋವಾ ಮುಟ್ಟಿದ ಮರುದಿನ ಆ ಹೆಸರೇ ಗುಳ್ಳೆಯಾಗಿ ಏಳುತ್ತದೆ. ಡಾಕ್ಟರು ಎರಡೂ ಕೈಗೆ ಬ್ಯಾಂಡೇಜ್ ಸುತ್ತಿ, ಉಪ್ಪುನೀರು ಮುಟ್ಟಬೇಡ, ಬಿಸಿಲಿಗೆ ಹೋಗಬೇಡ ಅಂತಾರೆ. ಮೇಕಪ್‌ನಲ್ಲಿ ಗುಳ್ಳೆ ಮಾಡಿದರೆ ಹಿಂದಿನ ಸಾಲಿಗೆ ಕಾಣಿಸುವುದಿಲ್ಲ, ಬಿಳಿ ಬ್ಯಾಂಡೇಜ್ ಮಾತ್ರ ಬಾಲ್ಕನಿಗೂ ಕಾಣುತ್ತದೆ. ಮಣಿಕಟ್ಟಿನ ಹತ್ತಿರ ಎರಡು ಬೆರಳಷ್ಟು ಮೆಹಂದಿ ಹೊರಗೆ ಕಾಣುವ ಹಾಗೆ ಸುತ್ತಿದೆವು.

ಇದರಿಂದ ಇನ್ನೊಂದು ಲಾಭ ಆಯಿತು. ನಿನ್ನನ್ನು ಬಿಡ್ತೀನಿ ಅಂತ ಗಂಡ ಹೆಂಡತಿಗೆ ಹೇಳಿಬಿಡುವ ದೃಶ್ಯ ತಾನೇ ಹುಟ್ಟಿತು. ಅವ್ವ ಕಟ್ಟಿಕೊಟ್ಟ ಬುತ್ತಿ ಬಿಚ್ಚಿದ್ದಾರೆ: ಕಟಕ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಬ್ಯಾಂಡೇಜ್ ಕೈಯಲ್ಲಿ ರೊಟ್ಟಿ ಮುರಿಯಲು ಬರುವುದಿಲ್ಲ. ‘ಒಂದ ತುತ್ತ ಹಾಕ್ರೆಲ್ಲಾ, ಹಸಿವಿ ಆಗೇತಿ’ ಅಂತ ಗೌರಾ ಬಾಯಿ ತೆರೆದು ಕೂತಿರುತ್ತಾಳೆ. ಅವನು ರೊಟ್ಟಿ ಮುರಿಯುತ್ತಾನೆ, ತಟ್ಟೆಯಲ್ಲಿಡುತ್ತಾನೆ, ಮತ್ತೆ ಮುರಿಯುತ್ತಾನೆ. ತುತ್ತು ಮಾತ್ರ ಅವಳ ಬಾಯಿಗೆ ಹೋಗುವುದಿಲ್ಲ. ರೊಟ್ಟಿ ಪೂರ್ತಿ ಪುಡಿಯಾಗುವ ತನಕ ಅವನಿಗೆ ಮಾತು ಹೊರಡುವುದಿಲ್ಲ. ಕಟಕ ರೊಟ್ಟಿ ಮುರಿಯುವ ಶಬ್ದಕ್ಕೆ ಮೈಕ್ ಹತ್ತಿರ ಇಟ್ಟೆವು, ಬೇರೆ ಸಂಗೀತ ಬೇಡ ಅಂದೆ. ಮೊದಲ ಒಂದೆರಡು ಸಲ ಮುರಿದಾಗ ಸಭೆ ನಗುತ್ತಿತ್ತು. ಆಮೇಲೆ ಒಬ್ಬೊಬ್ಬರೇ ನಿಲ್ಲಿಸಿದರು. ಈ ದೃಶ್ಯವನ್ನು ಸ್ವಲ್ಪ ಕತ್ತರಿಸಿ ಅಂತ ತಂಡದಲ್ಲೇ ಕೆಲವರು ಅಂದರು, ನಾನು ಒಂದು ಸೆಕೆಂಡೂ ಬಿಡಲಿಲ್ಲ. ಹೆಂಡತಿಯನ್ನು ಬಿಡುವವನು ಅವಳ ಎದುರು ಕೂತು ಪೂರ್ತಿ ಹೊತ್ತು ಕಳೆಯಲೇಬೇಕು.

ದಂಡೆಯಲ್ಲಿ ಸಿಗುವ ಹುಡುಗಿ ನಿಧಿ, ಬೆಂಗಳೂರು ಜಯನಗರದವಳು. ಮೂಲದಲ್ಲಿ ನ್ಯೂಯಾರ್ಕಿನ ಯಹೂದಿ ಹುಡುಗ ಮಿನ್ನೆಸೋಟಾದ ಶ್ರೀಮಂತ ಕ್ರೈಸ್ತ ಮನೆಯ ಹುಡುಗಿಯ ಹಿಂದೆ ಹೋಗುತ್ತಾನೆ. ಅವನಿಗೆ ಹುಡುಗಿ ಎಷ್ಟು ಬೇಕೋ ಆ ಮನೆಯೂ ಅಷ್ಟೇ ಬೇಕು. ನಮ್ಮಲ್ಲಿ ಇದನ್ನು ಜಾತಿಯ ಮೇಲೆ ಹಾಕಿದರೆ ನಾಟಕ ಬೇರೆಯೇ ದಿಕ್ಕಿಗೆ ಹೋಗುತ್ತಿತ್ತು. ಅದಕ್ಕೆ ಮಾತಿನ ಮೇಲೆ ಹಾಕಿದೆ. ಸಂಗಮೇಶ ರೂಮಿನಲ್ಲಿ ‘ಈಗ ಬಂದೆ, ನೀ ಮಕ್ಕೊ’ ಅಂತಾನೆ, ಬಾಗಿಲು ದಾಟಿದ ಕೂಡಲೇ ‘ಹಾಯ್, ತುಂಬಾ ಹೊತ್ತಾಯ್ತಾ ಬಂದು?’ ಅಂತಾನೆ. ಒಂದೇ ಉಸಿರಿನಲ್ಲಿ. ಪ್ರತಿ ದೃಶ್ಯದಲ್ಲೂ ಅವನ ಬೆಂಗಳೂರು ಮಾತು ಸುಧಾರಿಸುತ್ತಾ ಹೋಗುತ್ತದೆ. ಎರಡನೇ ಅಂಕದಲ್ಲಿ ಅವ್ವ ಫೋನ್ ಮಾಡಿದಾಗಲೂ ‘ಹೇಳಮ್ಮ’ ಅಂದುಬಿಡುತ್ತಾನೆ, ಆ ಕಡೆಯಿಂದ ಅವ್ವ ‘ಯಾರ ಮಾತಾಡೋದು?’ ಅಂತ ಕೇಳುತ್ತಾಳೆ. ಆ ಹೊತ್ತಿಗೆ ಸಭಾಂಗಣದಲ್ಲಿ ಎದ್ದ ಗದ್ದಲ ನಾನು ಬೇರೆ ಯಾವ ಮಾತಿಗೂ ಕೇಳಿಲ್ಲ. ಬೆಳಗಾವಿಯಲ್ಲಿ, ಬಾಗಲಕೋಟೆಯಲ್ಲಿ, ಬೆಂಗಳೂರಿಗೆ ಮಕ್ಕಳನ್ನು ಕಳಿಸಿದ ಮನೆ ಎಷ್ಟಿಲ್ಲ?

ಇನ್ನು ಡಿವೋರ್ಸ್. ಸಿನಿಮಾದಲ್ಲಿ ಅದು ಬೇಗ ಮುಗಿದುಹೋಗುತ್ತದೆ, ಲೈಲಾ ಆಮೇಲೆ ಕಾಣಿಸುವುದೇ ಇಲ್ಲ. ನಮ್ಮಲ್ಲಿ ಹಾಗೆ ಆಗುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆ ಪ್ರಕಾರ ಮದುವೆಯಾಗಿ ಒಂದು ವರ್ಷದ ತನಕ ವಿಚ್ಛೇದನದ ಅರ್ಜಿಯನ್ನೇ ಹಾಕುವಂತಿಲ್ಲ, ತೀರಾ ವಿಶೇಷ ಕಷ್ಟ ಇದ್ದರೆ ಕೋರ್ಟ್ ಅನುಮತಿ ಬೇಕು. ಇಬ್ಬರೂ ಒಪ್ಪಿ ಹಾಕುವುದಾದರೂ ಒಂದು ವರ್ಷ ಬೇರೆ ಇದ್ದಿರಬೇಕು, ಆಮೇಲೆ ಇನ್ನೂ ಆರು ತಿಂಗಳು ಕಾಯಬೇಕು. ಆ ಆರು ತಿಂಗಳನ್ನು ಕೋರ್ಟ್ ಬೇಕಾದರೆ ಬಿಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದಕ್ಕೂ ಮೊದಲು ಇನ್ನೊಂದು ಮದುವೆಯಾದರೆ ಅದು ಊರ್ಜಿತವೂ ಅಲ್ಲ, ಅಪರಾಧ ಬೇರೆ. ಈ ವರ್ಷವನ್ನು ನಾಟಕದಲ್ಲಿ ಜಿಗಿದುಬಿಡಿ, ಯಾರು ಕೇಳ್ತಾರೆ ಅಂದವರಿದ್ದರು. ನಾನು ಆ ವರ್ಷವನ್ನೇ ಎರಡನೇ ಅಂಕ ಮಾಡಿದೆ.

ಆ ಒಂದು ವರ್ಷ ಗೌರಾ ತವರಿನಲ್ಲಿದ್ದಾಳೆ. ನೆರೆಮನೆಯವರು ‘ಯಾವಾಗ ಹೋಗ್ತೀ’ ಅಂತ ಕೇಳುತ್ತಾರೆ, ಅಪ್ಪ ಬೀಗರ ಮನೆಗೆ ಹೋಗಿ ಬರುತ್ತಾನೆ, ಹಿರಿಯರು ಕೂಡಿ ಪಂಚಾಯಿತಿ ಮಾಡುತ್ತಾರೆ. ಸಂಗಮೇಶ ಬೆಂಗಳೂರಿನಲ್ಲಿ ನಿಧಿಯ ಅಪ್ಪನಿಗೆ ಒಳ್ಳೆಯವನಾಗಲು ಒದ್ದಾಡುತ್ತಾನೆ. ವೇದಿಕೆಯ ಎಡಕ್ಕೆ ಬೈಲಹೊಂಗಲ, ಬಲಕ್ಕೆ ಜಯನಗರ, ಲೈಟ್ ಆ ಕಡೆ ಈ ಕಡೆ ಹೋಗುತ್ತಿರುತ್ತದೆ. ಸಹಿಗಾಗಿ ಸಂಗಮೇಶ ಬಂದಾಗ ಗೌರಾ ಕಾಗದವನ್ನು ಪೂರ್ತಿ ಜೋರಾಗಿ ಓದುತ್ತಾಳೆ, ಚೋರ್ಲಾದ ಬೋರ್ಡ್ ಓದಿದ ಅದೇ ದನಿಯಲ್ಲಿ. ‘ಅರ್ಜಿದಾರ ನಂಬರ್ ಒಂದು’, ‘ಅರ್ಜಿದಾರ ನಂಬರ್ ಎರಡು’. ಈ ಸಲ ಅವನು ಸಾಕು ಅನ್ನುವಂತಿಲ್ಲ. ಈ ದೃಶ್ಯ ನಮ್ಮ ನಟಿಯೇ ತಾಲೀಮಿನಲ್ಲಿ ಮಾಡಿ ತೋರಿಸಿದ್ದು, ನಾನು ಬರೆದಿದ್ದ ಉದ್ದನೆಯ ಮಾತು ತೆಗೆದುಹಾಕಿದೆ.

ಸಿನಿಮಾದ ಕೊನೆಯಲ್ಲಿ ಗಂಡ ಎರಡನೇ ಮದುವೆಯ ಪಾರ್ಟಿಯಲ್ಲಿ ಮಾತಿಗೆ ಯಾರೂ ಸಿಗದೆ ಸೋಫಾದ ಮೇಲೆ ಒಬ್ಬನೇ ಉಳಿಯುತ್ತಾನೆ. ಅದು ಅವರದು, ಮುಟ್ಟಲಿಲ್ಲ. ನಮ್ಮಲ್ಲಿ ಎರಡನೇ ಮದುವೆ ವೇದಿಕೆಗೆ ಬರುವುದೇ ಇಲ್ಲ. ಸಹಿ ಆಗುತ್ತದೆ, ಗೌರಾಳ ಅವ್ವ ಅಳಿಯನಿಗೆ ‘ಉಂಡ ಹೋಗ್ರಿ’ ಅಂತಾಳೆ, ಅವನು ಬೆಂಗಳೂರು ಮಾತಿನಲ್ಲಿ ‘ಬೇಡ ಆಂಟಿ’ ಅಂತಾನೆ, ಪರದೆ ಬೀಳುತ್ತದೆ.

ಆಟ ಮುಗಿದ ಮೇಲೆ ಹೊರಗೆ ಚಹಾದ ಹತ್ತಿರ ಜಗಳವೇ ನಡೆಯಿತು. ಗೌರಾ ಸಹಿ ಮಾಡಬಾರದಿತ್ತು ಅಂತ ಹೆಂಗಸರು ಒಂದು ಕಡೆ, ಅಂಥವನನ್ನು ಇಟ್ಟುಕೊಂಡು ಏನು ಮಾಡೋದು ಅಂತ ಇನ್ನೊಂದು ಕಡೆ. ಗಂಡಸರು ಜಾಸ್ತಿ ಮಾತಾಡಲಿಲ್ಲ. ಎರಡನೇ ಅಂಕದ ಪಂಚಾಯಿತಿ ದೃಶ್ಯ ಇನ್ನೂ ಉದ್ದ ಅನಿಸುತ್ತಿದೆ, ಮುಂದಿನ ಪ್ರಯೋಗಕ್ಕೆ ಅದನ್ನು ಕತ್ತರಿಸುತ್ತಿದ್ದೇನೆ. ರೊಟ್ಟಿ ದೃಶ್ಯ ಇದ್ದ ಹಾಗೇ ಇರುತ್ತದೆ.