ಫೋಟೋ ನೋಡಿ ಜಾಗ ಗುರುತಿಸುವವರಿಗೆ ಒಂದು ಸಲಹೆ

ಗುಂಪಿನಲ್ಲಿ ‘ಇದು ಯಾವ ಜಾಗ ಹೇಳಿ’ ಅಂತ ಫೋಟೋ ಬಂದ ಕೂಡಲೇ ಗೂಗಲ್ ಲೆನ್ಸ್‌ಗೆ ಹಾಕಬೇಡಿ. ಎರಡು ನಿಮಿಷ ಕಣ್ಣಲ್ಲೇ ಹುಡುಕಿ, ಅದರಲ್ಲೇ ಖುಷಿ ಇರುವುದು.

ಮೊದಲು ಕಟ್ಟಡದ ಮಾಡು (ಚಾವಣಿ) ನೋಡಿ. ತೀರ್ಥಹಳ್ಳಿ ಕಡೆಯ ಹೆಂಚಿನ ಮನೆ ಯಾಕೆ ಅಷ್ಟು ಇಳಿಜಾರು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕಡಿದಾದ ಮಾಡು ಕಂಡರೆ ಮಳೆ ಅಥವಾ ಹಿಮದ ಸೀಮೆ ಅಂದುಕೊಳ್ಳಿ.

ಆಮೇಲೆ ಎಣಿಸಿ. ಇಸ್ತಾಂಬುಲ್‌ನಲ್ಲಿ ಎದುರುಬದುರು ಇರುವ ಎರಡು ದೊಡ್ಡ ಗುಮ್ಮಟಗಳ ವಿಷಯದಲ್ಲಿ ಸುಮಾರು ಜನ ಎಡವುತ್ತಾರೆ. ನಾಲ್ಕು ಮಿನಾರ್ ಇದ್ದರೆ ಹಾಗಿಯಾ ಸೋಫಿಯಾ, ಆರಿದ್ದರೆ ನೀಲಿ ಮಸೀದಿ. ಹಾಗಿಯಾ ಸೋಫಿಯಾ 537ರಲ್ಲಿ ಚರ್ಚ್ ಆಗಿ ಮುಗಿದದ್ದು; ಮಿನಾರ್‌ಗಳು ಬಂದದ್ದು 1453ರಲ್ಲಿ ಒಟ್ಟೋಮನ್ನರು ಊರು ಗೆದ್ದ ಮೇಲೆ.

ಬೆಳಕೂ ಸುಳಿವು ಕೊಡುತ್ತದೆ. ಕಾಂಬೋಡಿಯಾದ ಅಂಗ್ಕೋರ್ ವಾಟ್ ದೇವಸ್ಥಾನ ಪಶ್ಚಿಮಕ್ಕೆ ಮುಖ ಮಾಡಿದೆ. ಹಾಗಾಗಿ ಎದುರಿನಿಂದ ತೆಗೆದ ಬೆಳಗಿನ ಫೋಟೋದಲ್ಲಿ ಸೂರ್ಯ ಗೋಪುರಗಳ ಹಿಂದಿನಿಂದ ಬರುತ್ತಾನೆ, ಕೆರೆಯಲ್ಲಿ ಕಪ್ಪು ನೆರಳು ಕಾಣುತ್ತದೆ. ಗೋಪುರ ಐದಿದ್ದರೂ ನೇರ ಎದುರು ನಿಂತರೆ ಮೂರೇ ಕಾಣುವುದು, ಮೋಸ ಹೋಗಬೇಡಿ!

ಅಭ್ಯಾಸಕ್ಕೆ ನಮ್ಮ ಶಿವಮೊಗ್ಗ ಜಿಲ್ಲೆಯ ದೇವಸ್ಥಾನಗಳೇ ಸಾಕು. ಮೂರು ಶಿಖರ ಕಂಡರೆ ಬಳ್ಳಿಗಾವಿಯ ಕೇದಾರೇಶ್ವರ, ಮುಂದೆ ಬೇರೆಯಾಗಿ ನಂದಿ ಮಂಟಪ ಇದ್ದರೆ ಇಕ್ಕೇರಿಯ ಅಘೋರೇಶ್ವರ, ಚಾವಣಿಯಲ್ಲಿ ಗಂಡಭೇರುಂಡ ಇದ್ದರೆ ಕೆಳದಿ. ಮಕ್ಕಳಿಗೂ ಹೀಗೇ ಆಡಿಸಿ.

ಫೋಟೋ ಹಾಕುವವರಲ್ಲೂ ಒಂದು ವಿನಂತಿ: ಬುಡ, ತುದಿ ಕತ್ತರಿಸದೆ ಪೂರ್ತಿ ಚಿತ್ರ ಹಾಕಿ.