ಓಮ್ನಿಯಲ್ಲಿ ಕೂತು ಥೆರಪಿ

ನಮ್ಮದು ತೀರ್ಥಹಳ್ಳಿ ಕಡೆಯ ಹಳೇ ಹಂಚಿನ ಮನೆ. ಕೋಣೆಗಳ ಗೋಡೆ ಮಾಡಿನವರೆಗೆ ಹೋಗುವುದಿಲ್ಲ. ಅಜ್ಜಿ ದೇವರ ಕೋಣೆಯಲ್ಲಿ ಆಕಳಿಸಿದರೆ ನನ್ನ ಕೋಣೆಗೆ ಕೇಳುತ್ತದೆ. ಇಂಥ ಮನೆಯಲ್ಲಿ ಕೂತು, ‘ನನಗೆ ಹುಡುಗಿಯರ ಮೇಲೇ ಮನಸ್ಸಾಗುವುದು, ಮದುವೆ ಮಾತು ಬಂದಾಗಲೆಲ್ಲ ನಿದ್ದೆ ಹಾರಿಹೋಗುತ್ತದೆ’ ಅಂತ ಲ್ಯಾಪ್‌ಟಾಪ್ ಮುಂದೆ ಹೇಳುವುದು ಹೇಗೆ? ಆನ್‌ಲೈನ್ ಥೆರಪಿ, ಅಂದರೆ ಸೈಕಾಲಜಿಸ್ಟ್ ಜೊತೆ ವೀಡಿಯೊದಲ್ಲಿ ಮಾತುಕತೆ, ಶುರು ಮಾಡುವಾಗ ನನಗಿದ್ದ ದೊಡ್ಡ ಚಿಂತೆ ಇದೇ. ಎಲ್ಲಿ ಕೂರುವುದು?

2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಊರಿಗೆ ಬಂದವಳು ನಾನು. ಕೆಲಸ ಮನೆಯಿಂದಲೇ ಮುಂದುವರಿಯಿತು, ಜಾತಕಗಳೂ ಮನೆಗೇ ಬರತೊಡಗಿದವು. ನಿದ್ದೆ ಪೂರ್ತಿ ಕೆಟ್ಟಾಗ ಶಿವಮೊಗ್ಗದಲ್ಲಿ ಒಬ್ಬ ಡಾಕ್ಟರ ಹತ್ತಿರ ಹೋದೆ. ಧೈರ್ಯ ಮಾಡಿ ವಿಷಯ ಹೇಳಿದೆ. ಅವರು ತಲೆ ಎತ್ತದೆ, “ಮದುವೆ ಆಗಿ, ಒಂದು ಮಗು ಆದ್ರೆ ಇದೆಲ್ಲ ಮರೆತೋಗುತ್ತಮ್ಮ” ಅಂದರು. ನಿದ್ದೆಗೆ ಮಾತ್ರೆ ಬರೆದರು. ವಾಪಸ್ ಬರುವಾಗ ಮಂಡಗದ್ದೆಯ ಹತ್ತಿರ ಹೊಳೆ ನಡುವಿನ ಮರಗಳ ತುಂಬ ಬೆಳ್ಳಕ್ಕಿ ಕೂತಿದ್ದವು. ಬಸ್ಸಿನ ಕಿಟಕಿಯಿಂದ ಅವನ್ನು ನೋಡುತ್ತ, ಇನ್ನು ಈ ಮಾತು ಯಾರ ಹತ್ತಿರವೂ ಎತ್ತುವುದಿಲ್ಲ ಅಂದುಕೊಂಡೆ.

ಆಗ ನನಗೆ ಕೆಲವು ಸಂಗತಿ ಗೊತ್ತಿದ್ದರೆ ಚೆನ್ನಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಪ್ರೀತಿಯನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದು 1990ರಲ್ಲಿ. ಇದು ಕಾಯಿಲೆಯಲ್ಲ ಅಂತ ನಮ್ಮ ದೇಶದ ಮನೋವೈದ್ಯರ ಸಂಘವೇ 2018ರಲ್ಲಿ ಹೇಳಿದೆ. ಇದನ್ನು ‘ಬದಲಾಯಿಸಲು’ ಚಿಕಿತ್ಸೆ ಕೊಡುವುದು ವೃತ್ತಿಯ ತಪ್ಪು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೂ ಲೈಂಗಿಕ ಒಲವು ನೋಡಿ ಚಿಕಿತ್ಸೆಯಲ್ಲಿ ಭೇದ ಮಾಡಬಾರದು ಅನ್ನುತ್ತದೆ. ಇಷ್ಟು ತಿಳಿದಿದ್ದರೂ ಆ ಕುರ್ಚಿಯಲ್ಲಿ ಕೂತು ವಾದ ಮಾಡುತ್ತಿದ್ದೆನಾ? ಅನುಮಾನ. ಆದರೆ ಬಸ್ಸಿನಲ್ಲಿ ನನ್ನನ್ನೇ ಬೈದುಕೊಳ್ಳುತ್ತಿರಲಿಲ್ಲ.

ಮತ್ತೆ ಹುಡುಕಲು ಒಂದೂವರೆ ವರ್ಷ ಹಿಡಿಯಿತು. ಬೆಂಗಳೂರಿನ ಗೆಳತಿಯೊಬ್ಬಳು ‘ಕ್ವಿಯರ್ ಅಫರ್ಮೇಟಿವ್’ ಅನ್ನುವ ಮಾತು ಹೇಳಿಕೊಟ್ಟಳು. ನಿನ್ನಲ್ಲಿ ರಿಪೇರಿ ಮಾಡಬೇಕಾದದ್ದು ಇದಲ್ಲ ಅನ್ನುವಲ್ಲಿಂದ ಮಾತು ಶುರು ಮಾಡುವ ಥೆರಪಿಸ್ಟರು ಅಂತ ಅದರ ಅರ್ಥ. ಅಂಥ ನಾಲ್ಕು ಜನರಿಗೆ ಮೇಲ್ ಹಾಕಿದೆ. ಇಬ್ಬರ ಹತ್ತಿರ ಸಮಯ ಇರಲಿಲ್ಲ, ಒಬ್ಬರು ಉತ್ತರಿಸಲೇ ಇಲ್ಲ. ನಾಲ್ಕನೆಯವರು ಧಾರವಾಡದವರು. ಹದಿನೈದು ನಿಮಿಷ ಸುಮ್ನೆ ಮಾತಾಡೋಣ, ಅದಕ್ಕೆ ಫೀಸಿಲ್ಲ ಅಂದರು.

ಆ ಹದಿನೈದು ನಿಮಿಷಕ್ಕೆ ಪ್ರಶ್ನೆ ಬರೆದಿಟ್ಟುಕೊಂಡಿದ್ದೆ, ಸಂದರ್ಶನಕ್ಕೆ ನಾನೇ ಕರೆದವಳ ಹಾಗೆ. ಏನು ಓದಿದ್ದೀರಿ? ಕ್ಲಿನಿಕಲ್ ಸೈಕಾಲಜಿಯಲ್ಲಿ ಎಂ.ಫಿಲ್ ಅಂದರು, ಕ್ಲಿನಿಕಲ್ ಸೈಕಾಲಜಿಸ್ಟರು ಹೆಸರು ನೋಂದಾಯಿಸುವ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ನಂಬರ್ ಕೊಟ್ಟರು. (ಎಂ.ಎಸ್ಸಿ. ಅಥವಾ ಎಂ.ಎಸ್.ಡಬ್ಲ್ಯು. ಓದಿದ ಆಪ್ತಸಮಾಲೋಚಕರ ಹತ್ತಿರ ಈ ನಂಬರ್ ಇರಲಿಕ್ಕಿಲ್ಲ. ಅವರಲ್ಲೂ ಒಳ್ಳೆಯವರಿದ್ದಾರೆ, ಎಲ್ಲಿ ತರಬೇತಿ ಅಂತ ಕೇಳಿದರೆ ಆಯಿತು.) ನನ್ನಂಥವರ ಜೊತೆ ಮೊದಲು ಕೆಲಸ ಮಾಡಿದ್ದೀರಾ? ನನ್ನ ಮನೆಯವರು ಫೋನ್ ಮಾಡಿ ಕೇಳಿದರೆ ಏನು ಹೇಳುತ್ತೀರಿ? ಕೊನೆಗೆ, ದನಿ ಸಣ್ಣ ಮಾಡಿ, “ನನ್ನನ್ನ ಬದಲಾಯಿಸೋಕೆ ನೋಡ್ತೀರಾ?” ಅಂದೆ.

“ನಿದ್ದಿ ಬರೋ ಹಂಗ ಮಾಡೋಣ್ರಿ. ಬದಲಾಯಿಸೋದು ಏನೈತಿ?”

ಅವರಿಗೇ ಸರಿ ಅಂದೆ. ಫೀಸು ಐವತ್ತು ನಿಮಿಷಕ್ಕೆ 1500 ರೂಪಾಯಿ. ಅಷ್ಟು ಆಗುವುದಿಲ್ಲ ಅಂತ ಹೇಳಲು ನಾಚಿಕೆಯಾಯಿತು, ಆದರೂ ಹೇಳಿದೆ. 900ಕ್ಕೆ ಇಳಿಸಿದರು. ಹೀಗೆ ಕೆಲವು ಜಾಗ ಕಡಿಮೆ ಫೀಸಿಗೆ ಇಟ್ಟುಕೊಳ್ಳುವವರು ಇದ್ದಾರೆ, ಕೇಳಿದರೆ ಮಾತ್ರ ಗೊತ್ತಾಗುತ್ತದೆ.

ಮೊದಲ ಸೆಷನ್‌ಗೂ ಮೊದಲು ಒಂದು ಫಾರ್ಮ್ ಬಂತು. ಹೇಳಿದ್ದು ಗುಟ್ಟಾಗಿರುತ್ತದೆ, ಆದರೆ ಪ್ರಾಣಕ್ಕೆ ಅಪಾಯ ಇದ್ದರೆ, ಮಗುವಿನ ಮೇಲೆ ದೌರ್ಜನ್ಯದ ವಿಷಯ ಬಂದರೆ, ಕೋರ್ಟ್ ಕೇಳಿದರೆ ಗುಟ್ಟು ಮುರಿಯಬೇಕಾದೀತು ಅಂತ ಅದರಲ್ಲಿತ್ತು. ಅದನ್ನು ಓದಿ ಸಮಾಧಾನವಾಯಿತು. ಗೆರೆ ಎಲ್ಲಿದೆ ಅಂತ ಗೊತ್ತಾಯಿತಲ್ಲ. ಕೈ ನಿಂತದ್ದು ‘ತುರ್ತು ಸಂಪರ್ಕ’ ಅನ್ನುವ ಸಾಲಿನ ಮುಂದೆ. ಯಾರ ನಂಬರ್ ಬರೆಯುವುದು? ಅಮ್ಮನದು ಬರೆದರೆ, ಏನೋ ಆಗಿ ಇವರು ಫೋನ್ ಮಾಡಿದರೆ, ಅಮ್ಮ ಮೊದಲು ಕೇಳುವುದು ‘ನೀವು ಯಾರು’ ಅಂತ. ಎರಡು ದಿನ ಅದನ್ನು ಖಾಲಿ ಬಿಟ್ಟೆ. ಆಮೇಲೆ ಶಿವಮೊಗ್ಗದಲ್ಲಿರುವ ಕಾಲೇಜು ಗೆಳೆಯನನ್ನು ಕೇಳಿ ಅವನ ನಂಬರ್ ಕೊಟ್ಟೆ. ಅವನಿಗೆ ವಿಷಯ ಗೊತ್ತಿತ್ತು, ನಮ್ಮ ಮನೆಗೆ ಬಂದು ಹೋಗುವ ಬಳಕೆಯೂ ಇತ್ತು. ಫೋನ್ ಮಾಡಬೇಕಾಗಿ ಬಂದರೆ ಅವನಿಗೆ ಎಷ್ಟು ಹೇಳಬೇಕು ಅನ್ನುವುದನ್ನೂ ಮೊದಲ ಸೆಷನ್‌ನಲ್ಲೇ ಮಾತಾಡಿಕೊಂಡೆವು. ಈ ಒಂದು ಸಾಲನ್ನು ಅವಸರದಲ್ಲಿ ತುಂಬಬೇಡಿ.

ಇನ್ನು ಜಾಗ. ಮೊದಲ ಸೆಷನ್ ನನ್ನ ಕೋಣೆಯಲ್ಲೇ ಮಾಡಿದೆ. ಆಷಾಢದ ಮಳೆ ಹಂಚಿನ ಮೇಲೆ ಧೋ ಅಂತ ಸುರಿಯುತ್ತಿತ್ತು. ಮನೆಯವರಿಗೆ ನನ್ನ ದನಿ ಕೇಳುವುದಿಲ್ಲ ಅಂತ ಖುಷಿಯಾದೆ. ಮುಗಿಯಲು ಹತ್ತು ನಿಮಿಷ ಇರುವಾಗ ಕರೆಂಟ್ ಹೋಯಿತು, ಇಂಟರ್‌ನೆಟ್ಟೂ ಹೋಯಿತು. ನಮ್ಮಲ್ಲಿ ಗುಟ್ಟು ಕಾಯುವ ಮಳೆಯೇ ನೆಟ್‌ವರ್ಕನ್ನೂ ತಿನ್ನುತ್ತದೆ. ಮುಂದಿನ ವಾರ ಅಡಿಕೆ ಬೇಯಿಸುವ ಒಲೆಯ ಕೊಟ್ಟಿಗೆಯಲ್ಲಿ ಕೂತೆ, ಸಿಗ್ನಲ್ ಒಂದೇ ಕಡ್ಡಿ. ಕೊನೆಗೆ ದಾರಿ ತೋರಿಸಿದ್ದು ಅಪ್ಪನ ಓಮ್ನಿ. ಮನೆಯಿಂದ ಎರಡು ಕಿಲೋಮೀಟರ್ ಮೇಲೆ, ಗುಡ್ಡದ ತಿರುವಿನಲ್ಲಿ ಟವರ್ ಸರಿಯಾಗಿ ಸಿಗುತ್ತದೆ. ಗುರುವಾರ ಸಂಜೆ ಅಲ್ಲಿ ಗಾಡಿ ನಿಲ್ಲಿಸಿ, ಗಾಜು ಏರಿಸಿ, ಫೋನನ್ನು ಸ್ಟೇರಿಂಗಿಗೆ ಒರಗಿಸಿ ಕೂರುತ್ತೇನೆ. ಮನೆಯಲ್ಲಿ ‘ಆಫೀಸ್ ಮೀಟಿಂಗು, ಇಲ್ಲಿ ನೆಟ್‌ವರ್ಕ್ ಇಲ್ಲ’ ಅಂದಿದ್ದೇನೆ. ಅರ್ಧ ನಿಜ.

ಒಮ್ಮೆ ಅಳುತ್ತಿದ್ದಾಗ ಪಕ್ಕದ ಮನೆಯ ಅಣ್ಣ ಬೈಕ್ ನಿಲ್ಲಿಸಿ ಗಾಜು ಬಡಿದರು. “ಎಂತ ಆಯ್ತು ಮಾರಾಯ್ತಿ, ಗಾಡಿ ಕೆಡ್ತಾ?” ಅಂದಿನಿಂದ ನನ್ನ ಮತ್ತು ಥೆರಪಿಸ್ಟರ ನಡುವೆ ಒಂದು ಒಪ್ಪಂದವಾಯಿತು. ನಾನು ‘ಆ ಫೈಲ್ ನಾಳೆ ಕಳಿಸ್ತೀನಿ’ ಅಂದರೆ ಹತ್ತಿರ ಯಾರೋ ಇದ್ದಾರೆ ಅಂತ ಅರ್ಥ. ಅವರು ತಕ್ಷಣ ಮಾತು ನಿಲ್ಲಿಸುತ್ತಾರೆ. ವೀಡಿಯೊ ಕಡಿದುಹೋದರೆ ಐದು ನಿಮಿಷ ಕಾದು ಫೋನ್ ಮಾಡುತ್ತಾರೆ. ಪ್ರತಿ ಸಲ ಮೊದಲು ‘ಈಗ ಎಲ್ಲಿದ್ದೀರಿ’ ಅಂತ ಕೇಳುತ್ತಾರೆ. ಕುಶಲ ವಿಚಾರಿಸುವ ಮಾತು ಅಂದುಕೊಂಡಿದ್ದೆ. ಏನಾದರೂ ಆದರೆ ಸಹಾಯ ಎಲ್ಲಿಗೆ ಕಳಿಸಬೇಕು ಅಂತ ತಿಳಿದಿರಬೇಕಲ್ಲ, ಅದಕ್ಕೆ. ಹಣ ಕಳಿಸುವ ಖಾತೆಯನ್ನೂ ಬದಲಿಸಿದೆ. ಅಪ್ಪನ ಜೊತೆ ಇದ್ದ ಜಂಟಿ ಖಾತೆಯಿಂದ ಪ್ರತಿ ವಾರ ಒಂದೇ ಹೆಸರಿಗೆ 900 ಹೋದರೆ ಪಾಸ್‌ಬುಕ್ ಸುಮ್ಮನಿರುತ್ತದಾ?

ಮೊದಲ ಸೆಷನ್ನಿನ ಮಾತುಕತೆ ನಾನು ಅಂದುಕೊಂಡಷ್ಟು ಆಳದ್ದೇನೂ ಆಗಿರಲಿಲ್ಲ. ಊಟ, ನಿದ್ದೆ, ಮಾತ್ರೆ, “ನಿಮ್ಮ ಮನಿಯಾಗ ಯಾರ್ಯಾರ ಅದಾರ್ರಿ?” ಅನ್ನುವುದು. ಸಾಯಬೇಕು ಅನಿಸಿದೆಯಾ ಅಂತ ನೇರವಾಗಿ ಕೇಳಿದರು. ಅನಿಸಿತ್ತು, ಹೇಳಿದೆ. ಅವರು ಬೆಚ್ಚಲಿಲ್ಲ. ಯಾವಾಗ, ಎಷ್ಟು ಸಲ ಅಂತ ಕೇಳಿದರು. ರಾತ್ರಿ ಹಾಗನಿಸಿದರೆ ನನ್ನ ಮೆಸೇಜಿಗೆ ಕಾಯಬೇಡಿ, 14416ಕ್ಕೆ ಮಾಡಿ ಅಂದರು. ಅದು 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡಿಲ್ಲ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೂ ಮಾತಾಡಬಹುದು. ಆಮೇಲೆ, ನಿಮ್ಮನ್ನು ನೀವು ಏನಂತ ಕರೆದುಕೊಳ್ಳುತ್ತೀರಿ ಅಂದರು. 2018ರ ಸೆಪ್ಟೆಂಬರ್ 6ರಂದು ಸಲಿಂಗ ಪ್ರೀತಿ ಅಪರಾಧವಲ್ಲ ಅಂದ ಸುಪ್ರೀಂ ಕೋರ್ಟಿನ 377ನೇ ಸೆಕ್ಷನ್ನಿನ ತೀರ್ಪನ್ನು ಪಿ.ಜಿ.ಯ ಟಿವಿಯಲ್ಲಿ ನೋಡಿ ಬಚ್ಚಲಿಗೆ ಹೋಗಿ ಅತ್ತವಳು ನಾನು. ಆದರೂ ನನಗೊಂದು ಹೆಸರು ಇಟ್ಟುಕೊಂಡಿರಲಿಲ್ಲ. ಲೆಸ್ಬಿಯನ್ ಅನ್ನುವ ಪದ ಕಾಗದದಲ್ಲಿ ಓದಿದ್ದೆ, ಬಾಯಲ್ಲಿ ಬಂದಿರಲಿಲ್ಲ. “ಇಲ್ದಿದ್ರೂ ನಡೀತೈತ್ರಿ” ಅಂದು ಮುಂದೆ ಹೋದರು.

ಎರಡನೆಯದು, ಮೂರನೆಯದು ಬೇಜಾರು ಹಿಡಿಸಿದವು. ಎಷ್ಟೋ ವರ್ಷ ಮುಚ್ಚಿಟ್ಟದ್ದನ್ನು ಬಿಚ್ಚಿದ ಮೇಲೆ ಹಗುರವಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಮೈ ಕೈ ನೋವು ಬಂತು. ಶುಕ್ರವಾರ ಬೆಳಿಗ್ಗೆ ಏಳಲಾಗುತ್ತಿರಲಿಲ್ಲ. 900 ರೂಪಾಯಿ ಕೊಟ್ಟು ಇದ್ಯಾಕೆ ಅನಿಸಿ ನಿಲ್ಲಿಸುವುದರಲ್ಲಿದ್ದೆ. ಅದನ್ನೇ ಅವರಿಗೆ ಹೇಳಿದೆ. ಸೆಷನ್ನಿನ ಕೊನೆಯ ಹತ್ತು ನಿಮಿಷ ಬೇರೆ ಮಾತಿಗೆ ಇಡೋಣ, ತೋಟದ್ದೋ ಊಟದ್ದೋ, ಆಮೇಲೆ ಗಾಡಿ ಓಡಿಸಿಕೊಂಡು ಹೋಗಬೇಕಲ್ಲ ಅಂದರು. ಇದರಿಂದ ನಿಜಕ್ಕೂ ಉಪಯೋಗವಾಯಿತು. ಅವರಿಗೆ ಅಡಿಕೆಯ ಕೊಳೆ ರೋಗ, ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಎಲ್ಲ ನಾನೇ ಕಲಿಸಿದ್ದೇನೆ.

ಅಫರ್ಮೇಟಿವ್ ಅಂದರೆ ನಾನು ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾರೆ ಅಂದುಕೊಂಡಿದ್ದೆ. ಆರನೇ ವಾರ, ದೀಪಾವಳಿಗೆ ಅಮ್ಮನಿಗೆ ಎಲ್ಲ ಹೇಳಿಬಿಡುತ್ತೇನೆ ಅಂದೆ. ಭೇಷ್ ಅನ್ನುತ್ತಾರೆ ಅಂತ ಕಾದೆ.

“ಹೇಳಿದ ರಾತ್ರಿ ಎಲ್ಲಿ ಮಲಗ್ತೀರಿ?”

ಉತ್ತರ ಇರಲಿಲ್ಲ. ಬ್ಯಾಂಕಿನಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟಿದೆ, ನಿಮ್ಮ ಸರ್ಟಿಫಿಕೇಟುಗಳು ಯಾರ ಬೀರುವಿನಲ್ಲಿವೆ, ಅಪ್ಪನಿಗೆ ಬಿ.ಪಿ. ಇದೆಯಲ್ಲ, ಆ ಹೊತ್ತಿಗೆ ಮನೆಯಲ್ಲಿ ಇನ್ಯಾರಿರುತ್ತಾರೆ ಅಂತ ಒಂದೊಂದೇ ಕೇಳಿದರು. ನನಗೆ ಸಿಟ್ಟು ಬಂತು. ಇವರೂ ಅದೇ ಡಾಕ್ಟರ ಥರ ಅನಿಸಿತು. ಆದರೆ ಹೇಳಬೇಡಿ ಅಂತಲೂ ಅವರು ಅನ್ನಲಿಲ್ಲ. ಆ ವಾರ ಸರ್ಟಿಫಿಕೇಟುಗಳನ್ನು ಬೀರುವಿನಿಂದ ತೆಗೆದು ಗೆಳೆಯನ ಮನೆಯಲ್ಲಿಟ್ಟೆ. ದೀಪಾವಳಿ ಬಂತು ಹೋಯಿತು, ಅಮ್ಮನಿಗೆ ಹೇಳಲಿಲ್ಲ. ಈಗಲೂ ಹೇಳಿಲ್ಲ. ಜಾತಕ ಬಂದಾಗ ‘ಈ ವರ್ಷ ಬೇಡ’ ಅಂತ ದನಿ ನಡುಗದೆ ಹೇಳಲು ಬಂದಿದೆ.

ಅವರೂ ಒಮ್ಮೆ ಎಡವಿದರು. ಅಜ್ಜಿಯ ಕಾಲದವರಿಗೆ ಇದು ತಿಳಿಯುವುದು ಕಷ್ಟ ಅಂದುಬಿಟ್ಟರು. ನಮ್ಮಜ್ಜಿ ಹದಿನಾರಕ್ಕೆ ಮದುವೆಯಾಗಿ ಬಂದವಳು. ಅವಳಿಗೂ ಗೆಳತಿಯೊಬ್ಬಳಿದ್ದಳು, ಆ ಕಥೆ ಅರ್ಧ ಹೇಳಿ ಬಿಡುತ್ತಾಳೆ. ನನಗೆ ಬೇಸರವಾಯಿತು, ಮುಂದಿನ ವಾರ ಹೇಳಿದೆ. “ತಪ್ಪಾತ್ರಿ, ನಾ ಹಂಗ ಅನ್ನಬಾರದಿತ್ತು” ಅಂದರು. ದೊಡ್ಡವರು, ಓದಿದವರು ನನ್ನ ಹತ್ತಿರ ತಪ್ಪಾಯಿತು ಅಂದದ್ದು ಅದೇ ಮೊದಲು.

ನಿದ್ದೆಯ ವಿಷಯ: ಅವರು ಸೈಕಾಲಜಿಸ್ಟ್, ಮಾತ್ರೆ ಬರೆಯುವ ಹಾಗಿಲ್ಲ. ಮೂರು ತಿಂಗಳಾದರೂ ಸರಿಯಾಗದಾಗ ಬೇರೊಬ್ಬ ಮನೋವೈದ್ಯರ ಹತ್ತಿರ ಕಳಿಸಿದರು. ಅವರು ಮದುವೆಯ ಮಾತೇ ಎತ್ತಲಿಲ್ಲ. ಸಣ್ಣ ಡೋಸಿನ ಮಾತ್ರೆ ಐದು ತಿಂಗಳು ತೆಗೆದುಕೊಂಡೆ, ಅವರು ಹೇಳಿದ ಹಾಗೇ ಇಳಿಸುತ್ತ ಬಂದು ಬಿಟ್ಟೆ.

ಈಗ ಹದಿನೈದು ದಿನಕ್ಕೊಮ್ಮೆ ಸೆಷನ್. ಮುಂದಿನ ಗುರುವಾರ ನಮ್ಮಲ್ಲಿ ಅಡಿಕೆ ಗೊನೆ ಕೊಯ್ಲು. ಅಂಗಳದ ತುಂಬ ಅಡಿಕೆ ಸುಲಿಯುವವರು, ಓಮ್ನಿ ಗೊನೆ ಹೇರಲು ಬೇಕು. ಶನಿವಾರಕ್ಕೆ ಬದಲಿಸಿ ಅಂತ ಈಗಷ್ಟೇ ಮೆಸೇಜ್ ಹಾಕಿದೆ. 24 ಗಂಟೆ ಮೊದಲೇ ಹೇಳದಿದ್ದರೆ ಪೂರ್ತಿ ಫೀಸು ಕೊಡಬೇಕು.